ಬಂದವರು ಮತ್ತು ಉಳಿದವರು
ಚೆನ್ನೈಯಲ್ಲಿ ಮನಸ್ಸಿನ ಸಂಕಟಕ್ಕೆ ಓಗೊಟ್ಟವರ ಚರಿತ್ರೆ

ಚೆನ್ನೈಯ ಬೀದಿಮಾತಿನಲ್ಲಿ ಒಬ್ಬರನ್ನು ‘ಕೀಳ್ಪಾಕ್ಕಂ ಕೇಸು’ ಎಂದರೆ ಯಾರೂ ಅರ್ಥ ಕೇಳುವುದಿಲ್ಲ. ಬೆಂಗಳೂರಿನ ಕಡೆ ನಿಮ್ಹಾನ್ಸ್, ಹುಬ್ಬಳ್ಳಿ-ಬೆಳಗಾವಿಯ ಕಡೆ ಧಾರವಾಡ, ಉತ್ತರದವರಿಗೆ ರಾಂಚಿ ಅಥವಾ ಆಗ್ರಾ. ಊರಿನ ಹೆಸರೇ ಬೈಗುಳವಾಗಲು ಕಾರಣವಿದೆ. ಮನಸ್ಸು ಕೆಟ್ಟವರ ವಿಷಯದಲ್ಲಿ ಸಮಾಜಕ್ಕೆ ಬಹುಕಾಲ ಗೊತ್ತಿದ್ದ ಉತ್ತರ ಒಂದೇ ಆಗಿತ್ತು: ಇಲ್ಲಿಂದ ಅಲ್ಲಿಗೆ ಸಾಗಿಸುವುದು. ಆ ‘ಅಲ್ಲಿ’ ಎಂಬುದಕ್ಕೆ ಒಂದು ಹೆಸರು ಬೇಕಿತ್ತು.

ಆದರೆ ಸಂಕಟ ಶುರುವಾಗುವುದು ಅಲ್ಲಿ ಅಲ್ಲ, ಇಲ್ಲಿ. ಮೂರು ದಿನದ ಹಿಂದೆ ಕುಡಿತ ಬಿಟ್ಟ ಗಂಡ ಮೈಯೆಲ್ಲ ನಡುಗುತ್ತ, ಗೋಡೆಯ ಮೇಲೆ ಹುಳುಗಳು ಓಡುತ್ತಿವೆ ಎಂದು ಕೂಗುತ್ತಾನೆ. ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಸಂಜೆ ಹುಡುಗಿಯೊಬ್ಬಳು ಕೋಣೆಯ ಚಿಲಕ ಹಾಕಿಕೊಂಡು ಕೂತಿದ್ದಾಳೆ. ಸೆಂಟ್ರಲ್ ರೈಲು ನಿಲ್ದಾಣದ ಹೊರಗೆ ಹೆಂಗಸೊಬ್ಬಳು ಸುತ್ತಲಿನವರಿಗೆ ತಿಳಿಯದ ಭಾಷೆಯಲ್ಲಿ ಯಾರನ್ನೋ ಬೈಯುತ್ತಿದ್ದಾಳೆ. ಇಂಥ ಹೊತ್ತಿನಲ್ಲಿ ಮೊದಲು ಬರುವವರು ಯಾರು? ಪೊಲೀಸರೋ, ಡಾಕ್ಟರೋ, ಮಾವನ ಮನೆಯವರೋ, ಪಕ್ಕದ ಮನೆಯ ಅಕ್ಕನೋ? ಬಂದವರು ಎಷ್ಟು ದಿನ ಉಳಿಯುತ್ತಾರೆ? ಚೆನ್ನೈಯ ಇನ್ನೂರು ವರ್ಷಗಳ ಚರಿತ್ರೆಯನ್ನು ಈ ಎರಡು ಪ್ರಶ್ನೆಗಳ ಮೂಲಕ ಓದಬಹುದು. ಮೊದಲನೆಯ ಪ್ರಶ್ನೆಗೆ ಆ ನಗರ ಹಲವು ಉತ್ತರಗಳನ್ನು ಕಂಡುಕೊಂಡಿದೆ. ಎರಡನೆಯದು ಇನ್ನೂ ಪೂರ್ತಿ ಬಗೆಹರಿದಿಲ್ಲ.

‘ಬಂಧಿಸತಕ್ಕದ್ದು’

ಮದ್ರಾಸಿನಲ್ಲಿ ಹುಚ್ಚರಿಗಾಗಿ ಮೊದಲ ಮನೆ ತೆರೆದದ್ದು 1794ರಲ್ಲಿ. ತೆರೆದವನು ಈಸ್ಟ್ ಇಂಡಿಯಾ ಕಂಪನಿಯ ಸರ್ಜನ್ ವ್ಯಾಲೆಂಟೈನ್ ಕಾನಲಿ. ಈಗ ಕೀಳ್ಪಾಕ್ಕಂನಲ್ಲಿರುವ ಆಸ್ಪತ್ರೆಯ ಆವರಣಕ್ಕೆ ಸರ್ಕಾರಿ ಹುಚ್ಚಾಸ್ಪತ್ರೆ ಬಂದದ್ದು 1871ರಲ್ಲಿ. 1922ರಲ್ಲಿ ಅದರ ಹೆಸರು ‘ಗವರ್ನ್‌ಮೆಂಟ್ ಮೆಂಟಲ್ ಹಾಸ್ಪಿಟಲ್’ ಎಂದಾಯಿತು, ಮುಂದೆ ‘ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್’ ಎಂದಾಯಿತು. ಫಲಕದ ಮೇಲಿನ ಹೆಸರು ಬದಲಾದಷ್ಟು ಬೇಗ ಬೀದಿಯ ಮಾತು ಬದಲಾಗಲಿಲ್ಲ.

ಆ ಗೇಟಿನವರೆಗೆ ರೋಗಿಯನ್ನು ತರುತ್ತಿದ್ದವರು ಯಾರು ಎಂಬುದನ್ನು ಕಾನೂನೇ ಹೇಳುತ್ತದೆ. 1912ರ ಇಂಡಿಯನ್ ಲೂನಸಿ ಆ್ಯಕ್ಟ್ ಪ್ರಕಾರ, ತನ್ನ ಠಾಣೆಯ ಸರಹದ್ದಿನಲ್ಲಿ ‘ಅಲೆದಾಡುತ್ತಿರುವ’ ಹುಚ್ಚನನ್ನು ಪೊಲೀಸ್ ಅಧಿಕಾರಿ ಬಂಧಿಸಬಹುದಿತ್ತು. ಆ ಮನುಷ್ಯ ಅಪಾಯಕಾರಿ ಎನಿಸಿದರೆ ಬಂಧಿಸಲೇಬೇಕಿತ್ತು. ಬಳಿಕ ಮ್ಯಾಜಿಸ್ಟ್ರೇಟರ ಮುಂದೆ ಹಾಜರಿ, ವೈದ್ಯರ ಪ್ರಮಾಣಪತ್ರ, ಒಳಸೇರಿಸುವ ಆದೇಶ. ಕಳ್ಳನನ್ನು ಹಿಡಿದಾಗ ನಡೆಯುವ ಕ್ರಮಕ್ಕೂ ಇದಕ್ಕೂ ಮೇಲ್ನೋಟಕ್ಕೆ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ. ಈ ಕಾಯ್ದೆ ಸ್ವಾತಂತ್ರ್ಯ ಬಂದ ಮೇಲೂ ನಾಲ್ಕು ದಶಕ ಬದುಕಿತ್ತು. 1987ರ ಮೆಂಟಲ್ ಹೆಲ್ತ್ ಆ್ಯಕ್ಟ್‌ನಲ್ಲಿ ‘ಬಂಧನ’ದ ಜಾಗಕ್ಕೆ ‘ರಕ್ಷಣೆಗೆ ತೆಗೆದುಕೊಳ್ಳುವುದು’ ಎಂಬ ಮಾತು ಬಂತು. 2017ರ ಮೆಂಟಲ್ ಹೆಲ್ತ್‌ಕೇರ್ ಆ್ಯಕ್ಟ್ ಅದನ್ನು ಪೊಲೀಸರ ಕರ್ತವ್ಯವೆಂದೇ ಕರೆಯಿತು. ಅಂಥವರನ್ನು ಯಾವ ಸಂದರ್ಭದಲ್ಲೂ ಲಾಕಪ್ಪಿನಲ್ಲಿ ಇಡಬಾರದು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು ಎಂದೂ ಹೇಳಿತು. ಬಂಧನ, ರಕ್ಷಣೆ, ಕರ್ತವ್ಯ: ಈ ಮೂರು ಪದಗಳ ನಡುವೆ ನೂರೈದು ವರ್ಷಗಳ ಅಂತರವಿದೆ. ಅಷ್ಟೂ ಕಾಲ ಕಾನೂನಿನ ಕಣ್ಣಿಗೆ ಬೀದಿಯಲ್ಲಿ ಮೊದಲು ಬರುವವರು ಖಾಕಿ ತೊಟ್ಟವರೇ.

ಕಾನೂನಿಗೆ ಹೊರಗೆ ಬೇರೊಂದು ಏರ್ಪಾಡೂ ಇತ್ತು. ಮನೆಯವರು ರೋಗಿಯನ್ನು ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದುಕೊಂಡು ಹೋಗಿ ವಾರಗಟ್ಟಲೆ ಅಲ್ಲೇ ಉಳಿಯುತ್ತಿದ್ದರು. ತಿರುಚಿರಾಪಳ್ಳಿ ಬಳಿಯ ಗುಣಶೀಲಂ ಇದಕ್ಕೆ ಹೆಸರಾದದ್ದು; ಕರ್ನಾಟಕದವರಿಗೆ ಗಾಣಗಾಪುರ ನೆನಪಾಗಬಹುದು. ತಮಿಳುನಾಡಿನ ಮುತ್ತುಸ್ವಾಮಿ ಗುಡಿಯೊಂದರಲ್ಲಿ ಹೀಗೆ ಉಳಿದ 31 ಜನರನ್ನು ನಿಮ್ಹಾನ್ಸ್‌ನ ಮನೋವೈದ್ಯರು ಅಧ್ಯಯನ ಮಾಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಔಷಧಿ ಇಲ್ಲದೆಯೂ ಅವರ ರೋಗಲಕ್ಷಣಗಳು ಸುಮಾರು ಐದನೇ ಒಂದರಷ್ಟು ಇಳಿದಿದ್ದವು. ಅಲ್ಲಿ ವಿಶೇಷ ಪೂಜೆಯಾಗಲಿ ಮಾಟ ಬಿಡಿಸುವುದಾಗಲಿ ನಡೆಯುತ್ತಿರಲಿಲ್ಲ. ಮನೆಯವರೊಬ್ಬರು ಜೊತೆಗಿರುತ್ತಿದ್ದರು, ಗುಡಿಯ ದಿನಚರಿಯ ಸಣ್ಣಪುಟ್ಟ ಕೆಲಸವಿರುತ್ತಿತ್ತು, ಗದರುವವರು ಇರಲಿಲ್ಲ.

ಇದೇ ಏರ್ಪಾಡಿನ ಇನ್ನೊಂದು ಮುಖ ಅದಕ್ಕೆ ಒಂದು ವರ್ಷ ಮೊದಲೇ ದೇಶಕ್ಕೆಲ್ಲ ಗೊತ್ತಾಗಿತ್ತು. 2001ರ ಆಗಸ್ಟ್ 6ರಂದು ರಾಮನಾಥಪುರ ಜಿಲ್ಲೆಯ ಏರ್ವಾಡಿ ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗದೆ 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಒಂದು ಕಡೆ ಜೊತೆಗಿರುವ ಮನುಷ್ಯ, ಇನ್ನೊಂದು ಕಡೆ ಆ ಮನುಷ್ಯನ ಬದಲಿಗೆ ಸರಪಳಿ. ಯಾರಾದರೂ ಜೊತೆಗೆ ಉಳಿಯುವುದಕ್ಕೆ ಎಷ್ಟು ಬೆಲೆಯಿದೆ ಎಂಬುದು ಈ ಎರಡು ಜಾಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಿಳಿಯುತ್ತದೆ.

ಮಂಗಳೂರಿನಲ್ಲಿ ಹುಟ್ಟಿದ ಡಾಕ್ಟರಮ್ಮ

ಕೀಳ್ಪಾಕ್ಕಂನ ಗೇಟನ್ನು ಒಳಗಿನಿಂದ ತೆರೆಯಲು ಪ್ರಯತ್ನಿಸಿದವರಲ್ಲಿ ಮುಖ್ಯರು ಡಾ. ಎಂ. ಶಾರದಾ ಮೆನನ್. 1923ರಲ್ಲಿ ಮಂಗಳೂರಿನ ಮಲಯಾಳಿ ಕುಟುಂಬದಲ್ಲಿ ಹುಟ್ಟಿದ ಅವರು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದರು. ಮನೋವೈದ್ಯಕೀಯದ ತರಬೇತಿ ಪಡೆದದ್ದು ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ. ಭಾರತದ ಮೊದಲ ಮಹಿಳಾ ಮನೋವೈದ್ಯೆ ಎಂದು ಅವರನ್ನು ಕರೆಯುತ್ತಾರೆ. 1961ರಿಂದ 1978ರವರೆಗೆ ಕೀಳ್ಪಾಕ್ಕಂ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಆಗಿದ್ದರು.

ಆ ಕಾಲ ಮನೋವೈದ್ಯಕೀಯಕ್ಕೆ ತಿರುವಿನ ಕಾಲ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಬಂದ ಮೇಲೆ ಬಹಳಷ್ಟು ರೋಗಿಗಳನ್ನು ಮನೆಯಲ್ಲೇ ಇಟ್ಟು ನೋಡಿಕೊಳ್ಳುವುದು ಸಾಧ್ಯವಾಗಿತ್ತು. ಆದರೆ ಮನೆ ಅದಕ್ಕೆ ಸಿದ್ಧವಿರಲಿಲ್ಲ. ಗುಣವಾಗಿ ಹೋದವರು ಮಾತ್ರೆ ಬಿಟ್ಟು ಕೆಲವೇ ತಿಂಗಳಲ್ಲಿ ಮತ್ತೆ ಅದೇ ಗೇಟಿಗೆ ಬರುತ್ತಿದ್ದರು. ಶಾರದಾ ಮೆನನ್ ಅವರ ಅವಧಿಯಲ್ಲಿ ಹೊರರೋಗಿ ಸೇವೆಗೂ ಪುನರ್ವಸತಿಗೂ ಒತ್ತು ಬಂತು. ತಮಿಳುನಾಡಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳು ತೆರೆಯುವುದರ ಹಿಂದೆಯೂ ಅವರ ಕೈಯಿತ್ತು. ಆಸ್ಪತ್ರೆ ದೂರವಾದಷ್ಟೂ ಮನೆಯವರು ಬರುವುದು ತಡವಾಗುತ್ತದೆ. ತಡವಾದಷ್ಟೂ ಪೊಲೀಸರು ಬರುವ ಸಂಭವ ಹೆಚ್ಚುತ್ತದೆ. ವಿಭಾಗಗಳನ್ನು ಜಿಲ್ಲೆಗೆ ಹರಡುವುದರ ಹಿಂದಿನ ಸರಳ ಲೆಕ್ಕ ಇದು.

ನಿವೃತ್ತಿಯ ನಂತರ, 1984ರಲ್ಲಿ, ಡಾ. ಆರ್. ತಾರಾ ಮೊದಲಾದವರೊಂದಿಗೆ ಅವರು ಸ್ಕಾರ್ಫ್ (ಸ್ಕಿಜೋಫ್ರೇನಿಯಾ ರಿಸರ್ಚ್ ಫೌಂಡೇಶನ್) ಕಟ್ಟಿದರು. ಸ್ಕಾರ್ಫ್ ಚೆನ್ನೈಯ ಹೊರವಲಯದ ಹಳ್ಳಿಗಳಿಗೆ ಹೋದಾಗ ಮನೋವೈದ್ಯರ ಜೊತೆ, ಎಷ್ಟೋ ಸಲ ಅವರಿಗಿಂತ ಮುಂದೆ, ಹೋದವರು ಸ್ಥಳೀಯ ಕಾರ್ಯಕರ್ತರು. ಅವರು ಪದವಿ ಪಡೆದ ತಜ್ಞರಲ್ಲ. ಆ ಊರಿನವರೇ, ಕೆಲವು ವಾರಗಳ ತರಬೇತಿ ಪಡೆದವರು. ಯಾರ ಮನೆಯ ಹಿಂದಿನ ಕೋಣೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತು. ಮಾತ್ರೆ ತಪ್ಪಿತೇ, ನಿದ್ದೆ ಕೆಟ್ಟಿತೇ, ಮನೆಯಲ್ಲಿ ಜಗಳವೇ ಎಂದು ವಾರಕ್ಕೊಮ್ಮೆ ಹೋಗಿ ಕೇಳುವುದು ಅವರ ಕೆಲಸ. 2010ರಲ್ಲಿ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಬಸ್ಸನ್ನೇ ಕ್ಲಿನಿಕ್ ಮಾಡಿದಾಗ ಚೆನ್ನೈಯ ಮನೋವೈದ್ಯರು ಪರದೆಯ ಮೇಲೆ ಬರುತ್ತಿದ್ದರು. ಅದಕ್ಕೆ ಮೊದಲು ರೋಗಿಯನ್ನು ಬಸ್ಸಿನವರೆಗೆ ಒಪ್ಪಿಸಿ ಕರೆತರಲು ಊರಿನ ಕಾರ್ಯಕರ್ತೆ ಬೇಕಿತ್ತು.

ಈ ಕೆಲಸ ಫಲ ಕೊಡುತ್ತದೆಯೇ ಎಂಬ ಪ್ರಶ್ನೆಗೂ ಉತ್ತರ ಹುಡುಕಲಾಯಿತು. ತಮಿಳುನಾಡು, ಗೋವಾ ಮತ್ತು ಮಹಾರಾಷ್ಟ್ರದ ಸಾತಾರಾಗಳಲ್ಲಿ ಸ್ಕಿಜೋಫ್ರೇನಿಯಾ ಇದ್ದ 282 ಜನರ ಮೇಲೆ ನಡೆದ ‘ಕೊಪ್ಸಿ’ ಎಂಬ ಪ್ರಯೋಗದ ಫಲಿತಾಂಶ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ಆಸ್ಪತ್ರೆಯ ಚಿಕಿತ್ಸೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ಮನೆಗೆ ಬರುವ ಸಾಮಾನ್ಯ ಕಾರ್ಯಕರ್ತರು. ವರ್ಷದ ಕೊನೆಗೆ ಎರಡನೆಯ ಗುಂಪು ತುಸು ಮುಂದಿತ್ತು. ಈ ಪ್ರಯೋಜನ ಎದ್ದುಕಂಡದ್ದು ತಮಿಳುನಾಡಿನ ಕೇಂದ್ರದಲ್ಲಿ. ಪವಾಡವೇನೂ ಅಲ್ಲ. ಡಿಗ್ರಿ ಇಲ್ಲದ ಒಬ್ಬರು ತಪ್ಪದೆ ಮನೆಗೆ ಬರುವುದರಿಂದ ಅಳೆಯಬಹುದಾದಷ್ಟು ವ್ಯತ್ಯಾಸ ಆಗುತ್ತದೆ ಎಂಬುದಕ್ಕೆ ಸಾಕ್ಷಿ ಅಷ್ಟೆ.

ಕುಡಿತ ಬಿಟ್ಟ ಮೂರನೆಯ ದಿನ

ಕುಡಿತದ ಚರಿತ್ರೆ ಇನ್ನೊಂದು ದಾರಿಯಲ್ಲಿ ಸಾಗಿತು. 1937ರಲ್ಲಿ ರಾಜಾಜಿ ಸರ್ಕಾರ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದಿತು. 1948ರ ಹೊತ್ತಿಗೆ ಅದು ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಹಬ್ಬಿತು, ಆಗ ಅದರೊಳಗೇ ಇದ್ದ ದಕ್ಷಿಣ ಕನ್ನಡ, ಬಳ್ಳಾರಿಗಳೂ ಸೇರಿದವು. 1971ರಲ್ಲಿ ಕರುಣಾನಿಧಿ ಸರ್ಕಾರ ನಿಷೇಧ ತೆಗೆಯಿತು, 1974ರಲ್ಲಿ ಮತ್ತೆ ಹೇರಿತು. 1983ರಲ್ಲಿ ಸಗಟು ಮಾರಾಟಕ್ಕೆ ಟಾಸ್ಮಾಕ್ ನಿಗಮ ಬಂತು, 2003ರಿಂದ ಚಿಲ್ಲರೆ ಮಾರಾಟವೂ ಸರ್ಕಾರದ್ದೇ ಆಯಿತು. ಈ ತೆರೆ-ಮುಚ್ಚು ಆಟದಲ್ಲಿ ಅಂಗಡಿಯ ಬಗ್ಗೆ ಚರ್ಚೆ ನಡೆಯಿತು, ಆದಾಯದ ಬಗ್ಗೆ ನಡೆಯಿತು, ನೈತಿಕತೆಯ ಬಗ್ಗೆಯೂ ನಡೆಯಿತು. ಕುಡಿತ ರೋಗವಾದ ಮನುಷ್ಯನನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತು ಅಪರೂಪ.

ಆ ಮಾತು ಬಂದದ್ದು ಶ್ರೀಮಂತ ಮನೆಯೊಂದರಿಂದ. ಪ್ರೆಸ್ಟೀಜ್ ಕುಕ್ಕರಿನಿಂದ ಹೆಚ್ಚಿನ ಮನೆಗಳಿಗೆ ಪರಿಚಯವಿರುವ ಟಿ.ಟಿ.ಕೆ. ಕುಟುಂಬದ ಟಿ.ಟಿ. ರಂಗನಾಥನ್ 1979ರಲ್ಲಿ ಇನ್ನೂ ಮೂವತ್ತರ ಹರೆಯದಲ್ಲೇ ಕುಡಿತದ ಕಾಯಿಲೆಯಿಂದ ತೀರಿಕೊಂಡರು. ಹಣವಿತ್ತು, ಡಾಕ್ಟರುಗಳಿದ್ದರು, ಕುಡಿತವನ್ನೇ ಕಾಯಿಲೆಯೆಂದು ನೋಡಿ ಚಿಕಿತ್ಸೆ ಕೊಡುವ ಜಾಗ ಊರಿನಲ್ಲಿ ಇರಲಿಲ್ಲ. ಅವರ ಪತ್ನಿ ಶಾಂತಿ ರಂಗನಾಥನ್ ಅಮೆರಿಕದಲ್ಲಿ ತರಬೇತಿ ಪಡೆದು 1980ರಲ್ಲಿ ಚೆನ್ನೈಯಲ್ಲಿ ಗಂಡನ ಹೆಸರಿನಲ್ಲೇ ಸಂಸ್ಥೆ ಶುರು ಮಾಡಿದರು. ಟಿ.ಟಿ.ಕೆ. ಆಸ್ಪತ್ರೆ ಎಂದು ಅದು ಹೆಸರಾಯಿತು. ಅಲ್ಲಿ ಹೆಂಡತಿ, ತಾಯಿ, ಮಕ್ಕಳಿಗೂ ಚಿಕಿತ್ಸೆಯಲ್ಲಿ ಪಾಲಿತ್ತು. ಸಂಕಟ ಬಂದಾಗ ಹತ್ತಿರ ಇರುವವರು ಅವರೇ. ಏನು ಮಾಡಬೇಕು, ಏನು ಮಾಡಬಾರದು ಎಂದು ಅವರಿಗೆ ಕಲಿಸದಿದ್ದರೆ ಆಸ್ಪತ್ರೆಯ ತಿಂಗಳು ನೀರಿನಲ್ಲಿ ಹೋಮ.

ಇದರ ಮುಂದಿನ ಹೆಜ್ಜೆ 1989ರಲ್ಲಿ, ಕಾವೇರಿ ಮುಖಜ ಪ್ರದೇಶದ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ. ಹಳ್ಳಿಯವನು ಚೆನ್ನೈಗೆ ಬಂದು ತಿಂಗಳುಗಟ್ಟಲೆ ಉಳಿಯಲಾರ, ಕೂಲಿ ಹೋಗುತ್ತದೆ. ಹಾಗಾಗಿ ಆಸ್ಪತ್ರೆಯೇ ಹದಿನೈದು ದಿನಗಳ ಮಟ್ಟಿಗೆ ಹಳ್ಳಿಗೆ ಹೋಯಿತು. ಊರವರು ಜಾಗ ಕೊಟ್ಟರು, ಯಾರನ್ನು ಕರೆತರಬೇಕೆಂದು ಗುರುತಿಸಿದರು. ಶಿಬಿರ ಮುಗಿದ ಮೇಲೂ ಸಿಬ್ಬಂದಿ ಮತ್ತೆ ಮತ್ತೆ ಹೋಗಿ ವಿಚಾರಿಸಿದರು. ಶಾರದಾ ಮೆನನ್ ಅವರಿಗೆ ಪದ್ಮಭೂಷಣ ಬಂದ 1992ರಲ್ಲೇ ಶಾಂತಿ ರಂಗನಾಥನ್ ಅವರಿಗೆ ಪದ್ಮಶ್ರೀ ಬಂತು. ಕರ್ನಾಟಕದ ಓದುಗರಿಗೆ ಇಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನೆನಪಾಗುವುದು ಸಹಜ. ಎರಡರ ಹಿನ್ನೆಲೆ ಬೇರೆ, ಭಾಷೆ ಬೇರೆ. ಶಿಬಿರ ಊರಿನದಾಗಬೇಕು, ಶಿಬಿರದ ನಂತರದ ದಿನಗಳಿಗೂ ಒಂದು ಏರ್ಪಾಡು ಬೇಕು ಎಂಬ ತಿಳಿವಳಿಕೆ ಒಂದೇ.

ಇಲ್ಲಿ ವೈದ್ಯಕೀಯದ ಸ್ವಲ್ಪ ಮಾಹಿತಿ ಅಗತ್ಯ, ಏಕೆಂದರೆ ಜೀವ ಉಳಿಯುವುದು ಅದರಿಂದಲೇ. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ನಡುಕ, ಜ್ವರ, ಇಲ್ಲದ್ದನ್ನು ಕಾಣುವುದು, ಎಲ್ಲಿದ್ದೇನೆಂಬ ಅರಿವು ತಪ್ಪುವುದು ಶುರುವಾಗಬಹುದು. ಇದಕ್ಕೆ ಡಿಲಿರಿಯಂ ಟ್ರೆಮೆನ್ಸ್ ಎಂದು ಹೆಸರು. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣಕ್ಕೆ ಅಪಾಯ. ಗೋಡೆಯ ಮೇಲೆ ಹುಳು ಕಾಣುತ್ತಿದೆ ಎನ್ನುವವನಿಗೆ ದೆವ್ವ ಹಿಡಿದಿಲ್ಲ, ಅವನು ನಾಟಕವಾಡುತ್ತಿಲ್ಲ. ಅವನನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬಾಗಿಲಿಗೆ ಬಂದ ಕಾರ್ಯಕರ್ತೆಗೆ ಇಷ್ಟು ಗೊತ್ತಿದ್ದರೆ ಒಂದು ಜೀವ ಉಳಿಯುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮದ್ಯದಂಗಡಿಗಳು ಒಂದೇ ದಿನ ಮುಚ್ಚಿದಾಗ ಇದು ಲಕ್ಷಾಂತರ ಮನೆಗಳ ಪ್ರಶ್ನೆಯಾಯಿತು. ಚೆನ್ನೈ ನಗರದಲ್ಲಿ ಟಾಸ್ಮಾಕ್ ಅಂಗಡಿಗಳು ಮತ್ತೆ ತೆರೆದದ್ದು ಆ ವರ್ಷದ ಆಗಸ್ಟಿನಲ್ಲಿ.

ಕುಡಿತಕ್ಕಿಂತಲೂ ಮರೆಯಲ್ಲಿದ್ದದ್ದು ಸೂಜಿಯ ಮಾದಕ. 1986ರಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ಭಾರತದ ಮೊದಲ ಎಚ್‌ಐವಿ ಸೋಂಕುಗಳನ್ನು ಗುರುತಿಸಿದ್ದು ಚೆನ್ನೈಯಲ್ಲೇ. 1990ರ ದಶಕದಲ್ಲಿ ನಗರದಲ್ಲಿ ಮಾದಕ ಚುಚ್ಚಿಕೊಳ್ಳುವವರ ನಡುವೆಯೂ ಸೋಂಕು ಕಂಡುಬಂದಾಗ ಅವರನ್ನು ತಲುಪುವುದು ಹೇಗೆಂಬ ಪ್ರಶ್ನೆ ಎದುರಾಯಿತು. 1985ರ ಎನ್‌ಡಿಪಿಎಸ್ ಕಾಯ್ದೆಯ ಭಯದಿಂದ ಅವರು ಆಸ್ಪತ್ರೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಮನೋವೈದ್ಯ ಡಾ. ಎಂ. ಸುರೇಶ್ ಕುಮಾರ್ ಮತ್ತು ಅವರ ಜೊತೆಗಾರರು ಆರಿಸಿಕೊಂಡ ದಾರಿ, ಅದೇ ಬೀದಿಯ ಹಿಂದಿನ ವ್ಯಸನಿಗಳನ್ನು ಕಾರ್ಯಕರ್ತರನ್ನಾಗಿ ಮಾಡುವುದು. ಯಾವ ಸಂದಿಯಲ್ಲಿ ಯಾರು ಕೂರುತ್ತಾರೆ, ಯಾರಿಗೆ ಕೀವು ತುಂಬಿದ ಹುಣ್ಣಾಗಿದೆ, ಯಾರು ಎರಡು ದಿನದಿಂದ ಕಾಣುತ್ತಿಲ್ಲ ಎಂಬುದು ಅವರಿಗಲ್ಲದೆ ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ಪೊಲೀಸರು ಹೋದರೆ ಓಡುವ ಜನ ಇವರು ಹೋದರೆ ನಿಂತು ಮಾತನಾಡುತ್ತಿದ್ದರು.

ಚಿಲಕದ ಆಚೆ

ಅದೇ 1986ರ ಏಪ್ರಿಲ್‌ನಲ್ಲಿ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಚೆನ್ನೈಯಲ್ಲಿ ‘ಸ್ನೇಹಾ’ ಶುರು ಮಾಡಿದರು. ಇದರ ಮಾದರಿ ಲಂಡನ್ನಿನದು. 1953ರಲ್ಲಿ ಪಾದ್ರಿ ಚಾಡ್ ವಾರಾ ಅಲ್ಲಿ ‘ಸಮಾರಿಟನ್ಸ್’ ಆರಂಭಿಸಿದಾಗ, ತನ್ನನ್ನು ಕಾಣಲು ಬಂದವರು ಹೊರಗಿನ ಕೋಣೆಯಲ್ಲಿ ಸ್ವಯಂಸೇವಕರೊಂದಿಗೆ ಮಾತಾಡಿಯೇ ಹಗುರಾಗಿ ಹೋಗುವುದನ್ನು ಗಮನಿಸಿದ್ದ. ಸ್ನೇಹಾದಲ್ಲೂ ಫೋನ್ ಎತ್ತುವವರು ತರಬೇತಿ ಪಡೆದ ಸಾಮಾನ್ಯರು. ಉಪದೇಶ ಮಾಡುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ, ಮಧ್ಯೆ ಬಾಯಿ ಹಾಕುವಂತಿಲ್ಲ. ಕೇಳಬೇಕು.

ಆಗ ಆತ್ಮಹತ್ಯೆಯ ಪ್ರಯತ್ನ ದಂಡಸಂಹಿತೆಯ 309ನೇ ಕಲಮಿನಡಿ ಅಪರಾಧವಾಗಿತ್ತು. ಬದುಕಿ ಉಳಿದವರ ಹಾಸಿಗೆಯ ಬಳಿಗೂ ಮೊದಲು ಬರಬಹುದಾಗಿದ್ದವರು ಪೊಲೀಸರೇ. ಅನೇಕ ಮನೆಗಳು ಇದಕ್ಕೆ ಹೆದರಿ ಆಸ್ಪತ್ರೆಯಲ್ಲಿ ‘ಆಕಸ್ಮಿಕ’ ಎಂದು ಬರೆಸುತ್ತಿದ್ದವು. 2017ರ ಕಾಯ್ದೆ ಇದನ್ನು ತಿರುವಿತು: ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರ ಆರೈಕೆ ಸರ್ಕಾರದ ಹೊಣೆ ಎಂದಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಂ ಇಲ್ಲ.

ಫೋನಿನಲ್ಲಿ ಕೇಳಿಸಿಕೊಂಡ ಮಾತುಗಳಿಂದ ಸ್ನೇಹಾ ಇನ್ನೊಂದು ಪಾಠ ಕಲಿಯಿತು. ಸಂಕಟದ ತುದಿ ಬಹಳ ಸಲ ಕೆಲವು ಗಂಟೆಗಳದ್ದು, ಕೆಲವೊಮ್ಮೆ ನಿಮಿಷಗಳದ್ದು. ಅದನ್ನು ದಾಟಿಸುವುದೇ ದೊಡ್ಡ ಕೆಲಸ. ಪರೀಕ್ಷೆಯಲ್ಲಿ ಫೇಲಾದ ಮಕ್ಕಳಿಗೆ ವರ್ಷ ಹಾಳಾಗದಂತೆ ಬೇಗನೆ ಇನ್ನೊಂದು ಪರೀಕ್ಷೆ ಇರಬೇಕೆಂದು ಸ್ನೇಹಾ ಒತ್ತಾಯಿಸಿತು, ತಮಿಳುನಾಡಿನಲ್ಲಿ ಪೂರಕ ಪರೀಕ್ಷೆ ಬಂತು. ಕೋಣೆಯ ಚಿಲಕ ಹಾಕಿಕೊಂಡ ಹುಡುಗಿಗೆ ‘ಎಲ್ಲ ಮುಗಿಯಿತು’ ಎಂಬುದು ಸುಳ್ಳೆಂದು ಹೇಳಲು ಹೊರಗೆ ನಿಂತವರಿಗೆ ಒಂದು ಆಧಾರ ಸಿಕ್ಕಿತು. ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಕೀಟನಾಶಕವನ್ನು ಮನೆಯಲ್ಲಿಡದೆ ಊರಿನ ಸಾಮೂಹಿಕ ಲಾಕರಿನಲ್ಲಿಟ್ಟು, ಕಾವಲಿನವರ ಎದುರೇ ತೆಗೆಯುವ ವ್ಯವಸ್ಥೆಯನ್ನೂ ಅವರು ಪ್ರಯೋಗಿಸಿದರು. ಸಂಕಟ ಬಂದಾಗ ಓಡಿಬರುವುದು ಒಂದು ಕೆಲಸವಾದರೆ, ಸಂಕಟಕ್ಕೂ ಸಾವಿಗೂ ನಡುವೆ ನಾಲ್ಕು ಹೆಜ್ಜೆ ಹೆಚ್ಚಿಸುವುದು ಇನ್ನೊಂದು. ಎರಡೂ ಮಾಡಿದವರು ನೆರೆಹೊರೆಯವರೇ.

ತಿಳಿಯದ ಭಾಷೆಯ ಹೆಂಗಸು

1993ರಲ್ಲಿ ಚೆನ್ನೈಯ ಕಾಲೇಜೊಂದರ ಬಳಿ ರಸ್ತೆಯಲ್ಲಿ ದಿಕ್ಕಿಲ್ಲದೆ ಇದ್ದ ಮನೋರೋಗಿ ಹೆಂಗಸನ್ನು ಇಪ್ಪತ್ತರ ಹರೆಯದ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಲ್ಲಿಗಾದರೂ ಸೇರಿಸಲು ಹೊರಟರು. ಕರೆದೊಯ್ದ ಕಡೆಯೆಲ್ಲ ಬಾಗಿಲು ಮುಚ್ಚಿತು. ಆ ಅನುಭವದಿಂದ ಹುಟ್ಟಿದ್ದು ‘ದಿ ಬ್ಯಾನ್ಯನ್’. ಬೀದಿಯ ಹೆಂಗಸರಿಗಾಗಿ ಅವರು ಕಟ್ಟಿದ ಆಸರೆಯ ಹೆಸರು ‘ಅಡೈಕ್ಕಲಂ’. ತಮಿಳಿನಲ್ಲಿ ಅದಕ್ಕೆ ಆಶ್ರಯ, ಮೊರೆಹೊಕ್ಕ ಜಾಗ ಎಂಬ ಅರ್ಥ.

ಚೆನ್ನೈ ದೊಡ್ಡ ರೈಲು ನಿಲ್ದಾಣಗಳ ಊರು. ಮನಸ್ಸು ಚದುರಿ ರೈಲು ಹತ್ತಿದವರು ಎಲ್ಲೆಲ್ಲಿಂದಲೋ ಬಂದು ಇಳಿಯುತ್ತಾರೆ. ಅಂಥವರ ಹತ್ತಿರ ಹೋದಾಗ ಬೇಕಾಗುವ ಮೊದಲ ಸಾಮಗ್ರಿ ಭಾಷೆ. ಊರಿನ ಹೆಸರು ಹೇಳಲಾಗದ ಹೆಂಗಸೂ ಮಾತಾಡುತ್ತಾಳೆ, ಅವಳ ಮಾತು ಊರನ್ನು ಹೇಳುತ್ತದೆ. ‘ಬಂದಾರ’ ಎಂದರೆ ಒಂದು ಸೀಮೆ, ‘ಬಂದವ್ರೆ’ ಎಂದರೆ ಇನ್ನೊಂದು. ನೀರಿಗೆ ಅವಳು ಬಳಸುವ ಪದ, ತಾಯಿಯನ್ನು ಕರೆಯುವ ರೀತಿ, ಜಾತ್ರೆಯ ಹೆಸರು, ಇವೇ ನಕ್ಷೆ. ಆ ಭಾಷೆ ಬಲ್ಲ ಒಬ್ಬರು ಸಿಗುವವರೆಗೆ ಅವಳು ಅರ್ಥವಿಲ್ಲದೆ ಬಡಬಡಿಸುವ ಹುಚ್ಚಿ. ಸಿಕ್ಕ ಮೇಲೆ ಯಾರದೋ ತಂಗಿ, ಯಾರದೋ ತಾಯಿ.

ಮನೆ ಸಿಕ್ಕರೂ ಎಲ್ಲರಿಗೂ ಮನೆ ತೆರೆಯುವುದಿಲ್ಲ. ಅಂಥವರಿಗಾಗಿ 2015ರಲ್ಲಿ ಬ್ಯಾನ್ಯನ್ ‘ಹೋಮ್ ಅಗೇನ್’ ಶುರು ಮಾಡಿತು. ಸಾಮಾನ್ಯ ಬೀದಿಯಲ್ಲಿ ಬಾಡಿಗೆ ಮನೆ, ಅದರಲ್ಲಿ ನಾಲ್ಕೈದು ಜನ, ಜೊತೆಗೆ ಒಬ್ಬ ಕಾರ್ಯಕರ್ತೆ. ಅಡಿಗೆ, ತರಕಾರಿ ಅಂಗಡಿ, ಪಕ್ಕದ ಮನೆಯವರೊಂದಿಗೆ ಮಾತು, ಆಗಾಗ ಜಗಳ. ಆಸ್ಪತ್ರೆಯ ವಾರ್ಡಿನಲ್ಲಿ ದಶಕ ಕಳೆಯಬಹುದಾಗಿದ್ದವರು ಬೀದಿಯ ನಿವಾಸಿಗಳಾದರು. 2018ರ ಸುಮಾರಿಗೆ ತಮಿಳುನಾಡು ಸರ್ಕಾರವೂ ಜಿಲ್ಲೆಗಳಲ್ಲಿ ಬೀದಿಯ ಮನೋರೋಗಿಗಳಿಗೆ ತುರ್ತು ಆರೈಕೆ ಮತ್ತು ಚೇತರಿಕೆಯ ಕೇಂದ್ರಗಳನ್ನು ತೆರೆಯತೊಡಗಿತು. 2021ರಲ್ಲಿ ಚೆನ್ನೈ ಪೊಲೀಸರು ‘ಕಾವಲ್ ಕರಂಗಳ್’ ಎಂಬ ಯೋಜನೆ ತಂದರು. ‘ಪೊಲೀಸ್ ಕೈಗಳು’ ಎಂದು ಇದರ ಅರ್ಥ. ಬೀದಿಯಲ್ಲಿರುವ ನಿರ್ಗತಿಕರನ್ನೂ ಮನೋರೋಗಿಗಳನ್ನೂ ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ಆಶ್ರಯಕ್ಕೋ ಆಸ್ಪತ್ರೆಗೋ ಮನೆಗೋ ಸೇರಿಸುವುದು ಇದರ ಕೆಲಸ. 1912ರಲ್ಲಿ ಬಂಧಿಸಬೇಕಿದ್ದ ಕೈ, ಕಡೆಗೆ ಕೈ ಹಿಡಿಯುವ ಹೆಸರು ಪಡೆಯಿತು.

ಉಳಿಯುವವರ ಲೆಕ್ಕ

ಪೊಲೀಸರ ಬದಲು ಬೇರೆಯವರು ಬರಬೇಕೆಂಬ ಯೋಚನೆ ಚೆನ್ನೈಯೊಂದರದೇ ಅಲ್ಲ. ಅಮೆರಿಕದ ಆರಿಗನ್ ರಾಜ್ಯದ ಯೂಜೀನ್ ನಗರದಲ್ಲಿ 1989ರಿಂದ ‘ಕಹೂಟ್ಸ್’ ಎಂಬ ತಂಡ ಇಂಥ ಕರೆಗಳಿಗೆ ವ್ಯಾನಿನಲ್ಲಿ ಹೋಗುತ್ತಿತ್ತು: ಒಬ್ಬರು ವೈದ್ಯಕೀಯ ತಿಳಿದವರು, ಒಬ್ಬರು ಸಂಕಟ ನಿಭಾಯಿಸುವವರು, ಕೈಯಲ್ಲಿ ಬಂದೂಕಿಲ್ಲ. ಜಗತ್ತಿನ ಹಲವು ನಗರಗಳು ಅದನ್ನು ಮಾದರಿಯೆಂದು ನೋಡಿದವು. 2025ರ ಏಪ್ರಿಲ್‌ನಲ್ಲಿ ಯೂಜೀನ್‌ನಲ್ಲಿ ಅದರ ಸೇವೆ ನಿಂತುಹೋಯಿತು. ಮೂವತ್ತಾರು ವರ್ಷದ ಹೆಸರೂ ಇಂಥ ಕೆಲಸವನ್ನು ಕಾಪಾಡಲಾರದು.

ಭಾರತದಲ್ಲಿ ಈ ಕೆಲಸದ ಸರ್ಕಾರಿ ರೂಪಕ್ಕೆ ಅಚ್ಚು ಸಿಕ್ಕಿದ್ದು ಕರ್ನಾಟಕದಲ್ಲಿ. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಹಳ್ಳಿಗಳಿಗೆ ಹೊಂದುವ ಮನೋವೈದ್ಯಕೀಯವನ್ನು ಪ್ರಯೋಗಿಸಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅದನ್ನು ಜಿಲ್ಲೆಗೆ ಹರಡಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ‘ಬಳ್ಳಾರಿ ಮಾದರಿ’ಯನ್ನೇ ದೇಶಕ್ಕೆ ಒಯ್ದಿತು. 2022ರ ಅಕ್ಟೋಬರ್ 10ರಂದು ಶುರುವಾದ, ನಿಮ್ಹಾನ್ಸ್ ಮುನ್ನಡೆಸುವ ಟೆಲಿ ಮಾನಸ್‌ನ 14416 ಸಂಖ್ಯೆಗೆ ಈಗ ಯಾರು ಬೇಕಾದರೂ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೂ ತಮಿಳಿನಲ್ಲೂ.

ಹೀಗೆ ಮೊದಲನೆಯ ಪ್ರಶ್ನೆಗೆ ಉತ್ತರಗಳು ಬಂದಿವೆ. ಸಂಖ್ಯೆಯಿದೆ, ವ್ಯಾನಿದೆ, ಕಾನೂನಿನಲ್ಲಿ ಮೃದುವಾದ ಪದಗಳಿವೆ. ಆದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆಯಿದ್ದ ಪ್ರತಿ ನೂರರಲ್ಲಿ ಸುಮಾರು 86 ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ 86 ಮನೆಗಳಿಗೂ ನೂರು ಗಜದೊಳಗೆ ಯಾರೋ ಒಬ್ಬರು ಇದ್ದೇ ಇದ್ದರು: ಅಕ್ಕ, ನೆರೆಯವಳು, ಕುಡಿತ ಬಿಟ್ಟ ಹಳೆಯ ಗೆಳೆಯ. ಅವರನ್ನು ಕಾರ್ಯಕರ್ತರನ್ನಾಗಿಸಬಹುದೆಂದು ಕೀಳ್ಪಾಕ್ಕಂನ ಹೊರರೋಗಿ ಸಾಲಿನಿಂದ ಹಿಡಿದು ಮಂಜಕ್ಕುಡಿಯ ಶಿಬಿರದವರೆಗೆ, ಸೂಜಿಯವರ ಸಂದಿಗಳಿಂದ ಹಿಡಿದು ಹೋಮ್ ಅಗೇನ್‌ನ ಅಡಿಗೆಮನೆಯವರೆಗೆ ಚೆನ್ನೈ ಮತ್ತೆ ಮತ್ತೆ ತೋರಿಸಿದೆ.

ಆದರೆ 2017ರ ಕಾಯ್ದೆಯ ವ್ಯಾಖ್ಯೆಗಳ ಪಟ್ಟಿ ಓದಿದರೆ ಮನೋವೈದ್ಯರು, ಚಿಕಿತ್ಸಕ ಮನಃಶಾಸ್ತ್ರಜ್ಞರು, ಮಾನಸಿಕ ಆರೋಗ್ಯದ ನರ್ಸುಗಳು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಸಿಗುತ್ತಾರೆ. ವಾರಕ್ಕೊಮ್ಮೆ ಮನೆಗೆ ಬಂದು ಮಾತ್ರೆ ಎಣಿಸುವ ಊರ ಹೆಂಗಸಿಗೆ, ಬೀದಿಯಲ್ಲಿ ರಾತ್ರಿ ಕಳೆಯುವ ಹಿಂದಿನ ವ್ಯಸನಿಗೆ ಅಲ್ಲಿ ಹೆಸರಿಲ್ಲ. ಹೆಸರಿಲ್ಲದ ಕೆಲಸಕ್ಕೆ ವೇತನಶ್ರೇಣಿ ಇರುವುದಿಲ್ಲ, ರಜೆ ಇರುವುದಿಲ್ಲ. ದಿನವಿಡೀ ಬೇರೆಯವರ ಸಂಕಟ ಕೇಳಿ ಮನೆಗೆ ಹೋದವರ ಮನಸ್ಸನ್ನು ವಿಚಾರಿಸುವವರೂ ಇರುವುದಿಲ್ಲ. ದೇಣಿಗೆಯೋ ಯೋಜನೆಯೋ ಮೂರು ವರ್ಷಕ್ಕೆ ಮುಗಿದರೆ ಅವರೂ ಮುಗಿದರು. ಅವರು ಹೋಗಿ ಬರುತ್ತಿದ್ದ ಮನೆಗಳಲ್ಲಿ ಮಾತ್ರೆ ತಪ್ಪುತ್ತದೆ, ಆಮೇಲೆ ನಿದ್ದೆ ತಪ್ಪುತ್ತದೆ, ಒಂದು ರಾತ್ರಿ ಮತ್ತೆ ಪೊಲೀಸರಿಗೆ ಫೋನು ಹೋಗುತ್ತದೆ.

2021ರ ಡಿಸೆಂಬರ್ 5ರಂದು ತಮ್ಮ 98ನೇ ವಯಸ್ಸಿನಲ್ಲಿ ಶಾರದಾ ಮೆನನ್ ತೀರಿಕೊಂಡರು. ಅವರು ಹುಟ್ಟಿದಾಗ ಹುಚ್ಚು ಹಿಡಿದವರನ್ನು ಬಂಧಿಸುವ ಕಾಯ್ದೆ ಜಾರಿಯಲ್ಲಿತ್ತು, ತೀರಿಕೊಂಡಾಗ ಆರೈಕೆಯನ್ನು ಹಕ್ಕೆಂದು ಕರೆಯುವ ಕಾಯ್ದೆ ಇತ್ತು. ಅಷ್ಟು ದೂರವನ್ನು ಒಂದೇ ಆಯುಷ್ಯದಲ್ಲಿ ದಾಟಲಾಗಿದೆ. ಇನ್ನು ಉಳಿದಿರುವುದು ಆ ಮನೆಗಳಿಗೆ ಹೋಗಿ ಬರುವವರಿಗೆ ಒಂದು ಹುದ್ದೆ, ಒಂದು ಸಂಬಳ, ಮುಂದಿನ ತಿಂಗಳೂ ಬರುತ್ತೇನೆಂದು ಹೇಳಲು ಬೇಕಾದ ಭರವಸೆ.